ಹಕ್ಕಿ ಓಡಿಸುವ ಕೂಗಿಗೆ ಬಂದ ನಾಯಿ

ಮಕ್ಕಳೇ, ನಮ್ಮ ನಾಯಿ ಶೇಂಗಾ ಮನೆಗೆ ಬಂದ ಹೊಸದರಲ್ಲಿ ನನ್ನ ಮಾತನ್ನು ಒಂದು ಸಲವೂ ಕೇಳಲಿಲ್ಲ. ಅದರ ಕಿವಿಯಲ್ಲಿ ದೋಷವಿರಲಿಲ್ಲ. ಪಕ್ಕದ ಮನೆಯ ಅಟ್ಟದಲ್ಲಿ ಇಲಿ ಮೈ ಕೆರೆದುಕೊಂಡರೂ ಅದಕ್ಕೆ ಗೊತ್ತಾಗುತ್ತಿತ್ತು. ದೋಷವಿದ್ದದ್ದು ನನ್ನ ದನಿಯಲ್ಲಿ. ತರಕಾರಿ ಗಾಡಿಯವನು ಎರಡು ಓಣಿ ದಾಟಿದ ಮೇಲೆ ಪಿಸುದನಿಯಲ್ಲಿ "ಏನಪ್ಪಾ" ಎಂದು ಕರೆಯುವವಳು ನಾನು.

ಬಿಳಿ ಮೈ, ಕಂದು ಕಿವಿ, ಮೊಣಕಾಲಿನಷ್ಟೂ ಇಲ್ಲದ ಎತ್ತರ, ಜಾತಿ ಟೆರಿಯರ್. ಟೆರಿಯರ್ ಅಂದರೆ ನರಿಯ ಬಿಲಕ್ಕೆ ನುಗ್ಗಿ ಅದನ್ನು ಹೊರಗಟ್ಟಲೆಂದೇ ಇಂಗ್ಲೆಂಡಿನಲ್ಲಿ ಬೆಳೆಸಿದ ಬೇಟೆನಾಯಿ ಎಂದು ನೀವೇ ಫೋನಿನಲ್ಲಿ ಓದಿ ಹೇಳಿದಿರಿ. ರಾಯಚೂರಿನ ನಮ್ಮ ಓಣಿಯಲ್ಲಿ ನರಿಯನ್ನು ಎಲ್ಲಿಂದ ತರುವುದು? ಪಾಪ, ಅದು ನಿಮ್ಮಮ್ಮನ ಹೂವಿನ ಕುಂಡಗಳಲ್ಲಿ, ಸೋಫಾದ ಹೊಟ್ಟೆಯಲ್ಲಿ, ಸ್ಕೂಟರಿನ ಸೀಟಿನಲ್ಲಿ ನರಿಯನ್ನು ಹುಡುಕಿತು. ನನಗೆ ಸಿಟ್ಟು ಬರಲಿಲ್ಲ. ನಿಮ್ಮಜ್ಜ ಬದುಕಿದ್ದಾಗ, ನೌಕರಿ ಮುಗಿದ ಮೇಲೆ, ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಜೋಡಿಸಿ, ಮತ್ತೆ ಬಿಚ್ಚಿ, ಅಡುಗೆಮನೆಯಲ್ಲಿ ಬರೀ ಗಾಳಿ ಬರುವಂತೆ ಮಾಡಿದ್ದರು. ಕೆಲಸಗಾರರಿಗೆ ಕೆಲಸವಿಲ್ಲದಿದ್ದರೆ ಹೀಗೇ.

ನಿಮ್ಮಪ್ಪನಿಗೆ ಈ ವಿಚಾರ ಹಿಡಿಸಲಿಲ್ಲ. "ಯವ್ವಾ, ಇದು ನಾಯಿ ಅಲ್ಲಬೇ, ಜೆಸಿಬಿ! ಯಾರ ಮಾತೂ ಕೇಳಂಗಿಲ್ಲ. ಐತವಾರ ಮಸರಕಲ್ಲಿಗೆ ಹೋಗಿ ಮಾಮಾನ ಹೊಲದಾಗ ಬಿಟ್ಟು ಬರ್ತೀನಿ" ಎಂದ. ಮಸರಕಲ್ಲು ನನ್ನ ತವರೂರು, ಮಾಮಾ ಎಂದರೆ ನನ್ನ ತಮ್ಮ ಅಮರೇಶ. ಬೇಡವೋ ಎಂದೆ. ಎಂದಿನಂತೆ ಆ ಮಾತು ನನ್ನ ಸೆರಗಿನೊಳಗೇ ಉಳಿಯಿತು.

ಈಗ ಒಂದು ಗುಟ್ಟು ಹೇಳುತ್ತೇನೆ. ಆ ಹೊತ್ತಿಗಾಗಲೇ ಶೇಂಗಾ ನನ್ನ ಒಂದು ಕೂಗನ್ನು ಕೇಳುತ್ತಿತ್ತು.

ಮಸರಕಲ್ಲಿನಲ್ಲಿ ನಾನು ಹುಡುಗಿಯಾಗಿದ್ದಾಗ, ಶಾಲೆ ಬಿಟ್ಟ ಮೇಲೆ ನನ್ನ ಕೆಲಸ ಜೋಳದ ಹೊಲದಲ್ಲಿ ಹಕ್ಕಿ ಓಡಿಸುವುದು. ಕಟ್ಟಿಗೆಯ ಅಟ್ಟದ ಮೇಲೆ ನಿಂತು "ಹಾ... ಹೋಯ್!" ಎಂದರೆ ಮೂರು ಹೊಲದಾಚೆಯ ಗಿಳಿಗಳೂ ಏಳುತ್ತಿದ್ದವು. ಪಕ್ಕದ ಹೊಲದವರು ಬೇರೆ ಆಳನ್ನೇ ಇಡುತ್ತಿರಲಿಲ್ಲ. ಮದುವೆಯಾಗಿ ಮಾನ್ವಿಗೆ ಬಂದ ಮೊದಲ ವಾರವೇ ಅತ್ತೆ, "ನಮ್ಮ ಮನ್ಯಾಗ ಹೆಣ್ಮಕ್ಕಳ ದನಿ ಪಡಸಾಲಿ ದಾಟಂಗಿಲ್ಲವಾ" ಎಂದರು. ನಾನು ದನಿಯನ್ನು ಮಡಚಿ ಟ್ರಂಕಿನ ತಳಕ್ಕೆ ಇಟ್ಟೆ. ಮುಂದೆ ರಾಯಚೂರಿಗೆ ಬಂದೆವು, ಅತ್ತೆ ತೀರಿಕೊಂಡರು, ಟ್ರಂಕು ಮಾತ್ರ ತೆರೆಯಲಿಲ್ಲ.

ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಹಾಕಿದ್ದ ಸಂಡಿಗೆಗೆ ಪಾರಿವಾಳಗಳು ಮುತ್ತಿದವು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಅರ್ಧ ದನಿಯಲ್ಲಿ ಹಳೆಯ ಕೂಗು ಕೂಗಿದೆ. ಪಾರಿವಾಳಗಳು ಹೋದವು. ಶೇಂಗಾ ಮೆಟ್ಟಿಲು ಹಾರಿಕೊಂಡು ಬಂದು, ತಲೆ ವಾರೆ ಮಾಡಿ, ನನ್ನೆದುರು ಕೂತಿತು. ರೊಟ್ಟಿಯ ತುಣುಕು ಕೊಟ್ಟೆ. ಅಂದಿನಿಂದ ನೀವು ಶಾಲೆಯಲ್ಲಿರುವಾಗ ದಿನವೂ ನಮ್ಮಿಬ್ಬರದು ಇದೇ ಪಾಠ. ನಿಮ್ಮಪ್ಪನಿಗೆ ತೋರಿಸಿದ್ದರೆ ನಾಯಿ ಉಳಿಯುತ್ತಿತ್ತು. ಆದರೆ ಮಗನೆದುರು ಕೂಗುವುದಕ್ಕೆ ನನಗೆ ನಾಚಿಕೆ.

ಭಾನುವಾರ ಬಂದೇಬಿಟ್ಟಿತು. ಹಿಂದಿನ ಸೀಟಿನಲ್ಲಿ ನೀವಿಬ್ಬರೂ ಗಬ್ಬೂರಿನವರೆಗೂ ಅತ್ತಿರಿ. ಮಸರಕಲ್ಲಿನಲ್ಲಿ ನಾನು ಹಕ್ಕಿ ಓಡಿಸಿದ್ದ ಹೊಲ ಈಗ ಭತ್ತದ ಗದ್ದೆ. ಕೊಯ್ಲಿನ ದೊಡ್ಡ ಮಷೀನು ಸುತ್ತ ಕೊಯ್ಯುತ್ತ ಬಂದು, ನಡುವೆ ಒಂದು ಪಟ್ಟಿಯಷ್ಟು ಪೈರು ಉಳಿದಿತ್ತು. ಗದ್ದೆಯ ಹೆಗ್ಗಣಗಳೆಲ್ಲ ಅದರಲ್ಲೇ ಸೇರಿದ್ದವು. ಕಾರಿನ ಬಾಗಿಲು ತೆರೆದದ್ದೇ ತಡ, ಶೇಂಗಾ ಅದರೊಳಗೆ ಮಾಯವಾಯಿತು. ಮಷೀನು ತಿರುಗಿ ಅದೇ ಪಟ್ಟಿಗೆ ಬಾಯಿ ಹಾಕಿತು.

"ಶೇಂಗಾ! ಶೇಂಗಾ!" ನಿಮ್ಮಪ್ಪ ಗಂಟಲು ಹರಿದುಕೊಂಡ. ಬದುವಿನಲ್ಲಿ ಕೂತಿದ್ದ ಹೆಂಗಸೊಬ್ಬಳು, "ಭತ್ತದ ಗದ್ಯಾಗ ಶೇಂಗಾ ಎಲ್ಲಿಂದ ಬರ್ಬೇಕ್ರಿ?" ಎಂದಳು.

"ಅಕ್ಕಾ, ಡ್ರೈವರಗ ಕೇಳವಲ್ದು!" ಅಮರೇಶ ಕೈ ಬೀಸುತ್ತ ಓಡಿದ.

ಪೈರು ಅಲುಗುತ್ತಿದ್ದ ಜಾಗಕ್ಕೂ ಮಷೀನಿಗೂ ನಡುವೆ ನಾಲ್ಕು ಮಾರು. ನಾನು ಹೇಗೆ ಬದುವಿನ ಬಳಿ ನಿಂತಿದ್ದ ಟ್ರ್ಯಾಕ್ಟರಿನ ಟ್ರಾಲಿ ಹತ್ತಿದೆನೋ ತಿಳಿಯದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದೆ ತುಂಬ ಗಾಳಿ ಎಳೆದು, "ಹಾ... ಹೋಯ್!" ಎಂದೆ. ಅರ್ಧ ದನಿಯಲ್ಲ, ಪೂರ್ತಿ.

ಕಾಲುವೆಯಾಚೆಯ ಬೆಳ್ಳಕ್ಕಿಗಳು ಎದ್ದವು. ಡ್ರೈವರ್ ಬೆಚ್ಚಿ ಮಷೀನು ನಿಲ್ಲಿಸಿದ. ಅದಕ್ಕೂ ಮೊದಲೇ ಪೈರು ಸೀಳಿಕೊಂಡು ಎರಡು ಕಂದು ಕಿವಿಗಳು ಬಂದವು. ಬಾಯಲ್ಲಿ ಅದರ ಅರ್ಧದಷ್ಟಿದ್ದ ಹೆಗ್ಗಣ. ಟ್ರಾಲಿಯ ಕೆಳಗೆ, ನನ್ನೆದುರಿಗೆ, ಶೇಂಗಾ ಅದನ್ನು ವಿನಯದಿಂದ ಇಟ್ಟಿತು. ಮೊಟ್ಟೆಯನ್ನೂ ಮುಟ್ಟದ ನನಗೆ ಜೀವನದಲ್ಲಿ ಆದ ಮೊದಲ ಸನ್ಮಾನ ಅದು. ಸ್ವೀಕರಿಸಿದೆ.

"ಭಾರಿ ನಾಯಿ ಬಿಡ್ರಿ, ಇಲ್ಲೇ ಇರ್ಲಿ" ಎಂದ ಅಮರೇಶ.

ನಿಮ್ಮಪ್ಪ ನನ್ನನ್ನೇ ನೋಡುತ್ತಿದ್ದ. "ನಾಯಿ ಬಿಡಬಹುದು ಮಾಮಾ. ಆದ್ರ ಅದನ್ನ ಕರ್ಯಾಕ ಯವ್ವನ್ನೂ ಇಲ್ಲೇ ಬಿಡಬೇಕಾಗ್ತದ."

"ಯಾರನ್ನೂ ಬಿಡಂಗಿಲ್ಲ! ಗಾಡಿ ಚಾಲೂ ಮಾಡಪ್ಪಾ" ಎಂದೆ. ಟ್ರಾಲಿಯ ಮೇಲಿಂದಲೇ, ಎಲ್ಲರಿಗೂ ಕೇಳುವಂತೆ. ಅವನು ಹೋಗಿ ಚಾಲೂ ಮಾಡಿದ.

ಓಡಿಸುವುದಕ್ಕೆಂದು ಕಲಿತ ಕೂಗು ಮುಪ್ಪಿನಲ್ಲಿ ಕರೆಯುವುದಕ್ಕೆ ಒದಗಿತು. ಈಗ ತರಕಾರಿ ಗಾಡಿಯೂ ನನ್ನ ಮನೆ ದಾಟಿ ಹೋಗುವುದಿಲ್ಲ. ನೀವೂ ಅಷ್ಟೇ, ಸಂಜೆ ಆಟ ಬಿಟ್ಟು ಹೊತ್ತಿಗೆ ಸರಿಯಾಗಿ ಬನ್ನಿ. ಇಲ್ಲವಾದರೆ ನಿಮ್ಮ ಗೆಳೆಯರೆದುರು ಓಣಿಯ ತುದಿಗೆ ನಿಂತು ಕೂಗುತ್ತೇನೆ. ನಾಚಿಕೊಳ್ಳುವ ಸರದಿ ಇನ್ನು ನಿಮ್ಮದು.