ಗೆರೆ ತಿದ್ದುವವಳ ಗುಮಾನಿ

ಆಸ್ಪತ್ರೆಯ ಸ್ಕ್ಯಾನ್ ವಿಭಾಗದಲ್ಲಿ ಅವಳಿಗೆ ಗುಮಾನಿ ಅಕ್ಕ ಎಂದೇ ಹೆಸರು. ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವಳು ವಾಪಸ್ ಬಂದು ಜಗ್ಗಿ ನೋಡುವವಳು, ತರಕಾರಿಯವನ ತಕ್ಕಡಿಯನ್ನು ಬಗ್ಗಿ ನೋಡುವವಳು. ಕೆಲಸಕ್ಕೂ ಆ ಗುಣವೇ ಬೇಕಿತ್ತೆನ್ನಿ. ಮಿದುಳಿನ ಚಿತ್ರದಲ್ಲಿ ಹೊರಪದರದ ಒಳಗಂಚಿಗೊಂದು, ಹೊರಗಂಚಿಗೊಂದು ಗೆರೆಯನ್ನು ಕಂಪ್ಯೂಟರ್ ಎಳೆಯುತ್ತದೆ. ನಡುವಿನ ಅಂತರವೇ ಪದರದ ದಪ್ಪ. ಆದರೆ ಮಿದುಳಿನ ಮೇಲಿನ ಪೊರೆಯನ್ನೂ ಅದು ಒಮ್ಮೊಮ್ಮೆ ಮಿದುಳೆಂದೇ ಸೇರಿಸಿಬಿಡುತ್ತದೆ. ಅದನ್ನು ಹುಡುಕಿ ಅಳಿಸುವುದು ಇವಳ ಪಾಲಿನದು. ಹನ್ನೊಂದು ವರ್ಷದಲ್ಲಿ ಕನ್ನಡಕದ ನಂಬರು ಮೂರು ಸಲ ಏರಿತ್ತು.

ಈ ಸಲದ ಅಧ್ಯಯನ ತೊದಲುವವರದ್ದು. ನಲವತ್ತು ಜನ ತೊದಲುವವರು, ನಲವತ್ತು ಜನ ಸರಾಗವಾಗಿ ಮಾತಾಡುವವರು. ತನ್ನ ತಮ್ಮನನ್ನೂ ಪುಸಲಾಯಿಸಿ ಮೊದಲ ಗುಂಪಿಗೆ ಸೇರಿಸಿದ್ದಳು. ಫಲಿತಾಂಶ ಬಂತು: ತೊದಲುವವರಲ್ಲಿ ಮಾತಿಗೆ ಸಂಬಂಧಿಸಿದ ಭಾಗದ ಪದರ ತೆಳು. ಬಾಯಿ ತಡೆಯಲಾರದೆ ಮನೆಯಲ್ಲಿ ಅದನ್ನು ಹೇಳಿಬಿಟ್ಟಳು. ಮರುದಿನದಿಂದ ತಮ್ಮ ಮಾತಿನ ತರಬೇತಿಗೆ ಹೋಗುವುದನ್ನೇ ಬಿಟ್ಟ.

"ಮಿ-ಮಿದುಳೇ ತೆಳು ಅಂದ್ಮೇಲೆ ನಾಲಿಗೆ ತಿ-ತಿದ್ದಿ ಏನು ಬಂತು?"

ಸೋಮವಾರ ವರದಿ ಸಂಶೋಧನಾ ಪತ್ರಿಕೆಗೆ ಹೋಗುವುದಿತ್ತು. ಫಲಿತಾಂಶದಲ್ಲೇ ಎಲ್ಲೋ ತಪ್ಪಿರಬೇಕು, ಅಷ್ಟರೊಳಗೆ ಅದು ಯಾರದೆಂದು ಹಿಡಿದೇ ತೀರುತ್ತೇನೆಂದು ಹೊರಟಳು.

ಮೊದಲ ಗುಮಾನಿ ಯಂತ್ರದ ಮೇಲೆ. ನಡುವೆ ರಿಪೇರಿ ಆಗಿತ್ತಲ್ಲ? ದಿನಾಂಕ ನೋಡಿದರೆ, ರಿಪೇರಿಗೆ ಮುಂಚೆಯೂ ಆಮೇಲೂ ಎರಡು ಗುಂಪಿನವರು ಸಮಸಮ. ತೊದಲುವವರು ಯಂತ್ರದೊಳಗೆ ತಲೆ ಅಲ್ಲಾಡಿಸಿರಬೇಕು ಅಂದುಕೊಂಡಳು. ಆದರೆ ಚಿತ್ರಗಳು ಮಸುಕಾಗಿರಲಿಲ್ಲ. ಕೊನೆಗೆ ಅಂಕಿಅಂಶ ನೋಡುವವಳ ಮೇಜಿನ ಮುಂದೆ ಹೋಗಿ ನಿಂತಳು.

"ವಯಸ್ಸಾದಷ್ಟೂ ಪದರ ತೆಳುವಾಗುತ್ತೆ. ಎಲ್ಲರ ವಯಸ್ಸು ಸರಿಯಾಗಿ ಹಾಕಿದ್ದೀಯೇನೇ?"

"ಹಾಕಿದ್ದೀನಕ್ಕ. ನನ್ನ ಮೇಲೂ ಅನುಮಾನಾನಾ? ಅಳಿಸುವಾಗ ಯಾರು ಯಾವ ಗುಂಪು ಅಂತ ನಿಮಗೆ ಗೊತ್ತಿರಲಿಲ್ಲ ತಾನೇ?"

ಗೊತ್ತಿತ್ತು. ಅಚ್ಚುಕಟ್ಟಾಗಿರಲೆಂದು ಎರಡು ಗುಂಪಿಗೂ ಬೇರೆ ಬೇರೆ ಫೋಲ್ಡರ್ ಮಾಡಿಕೊಂಡವಳು ಇವಳೇ. ತೊದಲುವವರ ಚಿತ್ರದಲ್ಲಿ ಏನೋ ಇದ್ದೇ ಇರುತ್ತದೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ, ಅನುಮಾನ ಬಂದಲ್ಲೆಲ್ಲ ಅಳಿಸಿ ಅಳಿಸಿ ಪದರವನ್ನು ತಾನೇ ತೆಳುವಾಗಿಸಿದ್ದಳು. ಉಳಿದವರದ್ದು ಚೆನ್ನಾಗೇ ಇದೆ ಎಂದು ಮುಂದೆ ಹೋಗಿದ್ದಳು. ಊರವರನ್ನೆಲ್ಲ ಶಂಕಿಸುವ ಹೆಂಗಸು ತನ್ನ ಕೈಯನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದಳು!

ಅಂಕಿಅಂಶದವಳಿಂದಲೇ ಗುರುತು ಮುಚ್ಚಿಸಿ, ಚಿತ್ರಗಳನ್ನೆಲ್ಲ ಕಲಸಿಹಾಕಿಸಿ, ಆ ಒಂದು ಭಾಗವನ್ನು ನಾಲ್ಕು ದಿನ ಕೂತು ಮೊದಲಿಂದ ತಿದ್ದಿದಳು. ವ್ಯತ್ಯಾಸ ಹೇಳಹೆಸರಿಲ್ಲದಂತೆ ಹೋಯಿತು. ಅಧ್ಯಯನ ನಡೆಸುತ್ತಿದ್ದ ಡಾಕ್ಟರ ಕೋಣೆಗೆ ಹೋಗಿ, "ಸರ್, ಅದು ನಾನು ಮಾಡಿದ ತಪ್ಪು," ಎಂದಳು. ಒಂದೂವರೆ ವರ್ಷದ ಕೆಲಸ ಎಂದು ಅವರು ತಲೆ ಮೇಲೆ ಕೈಹೊತ್ತು ಕೂತರು. ವರದಿ ನಿಂತಿತು.

ಸಂಜೆ ತಮ್ಮನೆದುರು ಕೂತು ಎಲ್ಲ ಹೇಳಿದಳು. ನಾಳೆಯಿಂದ ತರಬೇತಿಗೆ ಹೋಗೋ ಎಂದು ಗೋಗರೆದಳು. ಅವನು ಅವಳತ್ತ ತಿರುಗಿದ.

"ನ-ನನ್ನ ಚಿತ್ರ ಯಾವುದು ಅಂತಾನೂ ಗೊತ್ತಿತ್ತಾ, ಅಕ್ಕ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಗೊತ್ತಿತ್ತು. ನಿನ್ನದರಲ್ಲೇ ಎಲ್ಲರಿಗಿಂತ ಜಾಸ್ತಿ ಅಳಿಸಿದ್ದೆ ಕಣೋ."