ಬೆನ್ನ ಮೇಲಿನ ಬಲೆಗುರುತು

ಹೃದಯದ ತೊಂದರೆ ಇರುವವರನ್ನು ವೇದಾವತಿ ಸಿಸ್ಟರ್ ಈಗ ಎಷ್ಟು ದಿಂಬು ಹಾಕಿಕೊಂಡು ಮಲಗುತ್ತೀರಿ ಎಂದು ಕೇಳುವುದಿಲ್ಲ. “ಬೆನ್ನಿಗೆ ಎಂತ ಕೊಟ್ಕಂಡ್ ಮನಿಕಂತ್ರಿ?” ಎಂದು ಕೇಳುತ್ತಾರೆ. ಹೊಸದಾಗಿ ಬಂದ ನರ್ಸ್ ಹುಡುಗಿಯರಿಗೂ ಹಾಗೇ ಹೇಳಿಕೊಡುತ್ತಾರೆ. ಇದಕ್ಕೆ ಕಾರಣ ನಮ್ಮ ಅಪ್ಪಯ್ಯ. ಹೇಳಿಕೊಳ್ಳಲು ನನಗೆ ಸ್ವಲ್ಪ ಹೆಮ್ಮೆ, ಸ್ವಲ್ಪ ಸಿಟ್ಟು.

ಸಿಸ್ಟರ್ ಸಾಲಿಗ್ರಾಮದ ಕಡೆಯವರು, ದೇವಸ್ಥಾನದ ಅಡುಗೆಯವರ ಮಗಳು. ದಿನವೂ ಬಸ್ಸಿನಲ್ಲಿ ಕುಂದಾಪುರದ ಆಸ್ಪತ್ರೆಗೆ ಬರುತ್ತಾರೆ. ಆಳು ಸಣಕಲು, ಗಂಟಲು ಮಾತ್ರ ಇಡೀ ವಾರ್ಡಿಗೆ ಸಾಕು. ರೋಗಿ ಬಂದರೆ ಮುಖಕ್ಕಿಂತ ಮೊದಲು ಅವನ ಕಾಲು ನೋಡುತ್ತಾರೆ. ಚಪ್ಪಲಿಯ ಪಟ್ಟಿ ಬಿಗಿಯಾಗಿದೆಯೇ, ಪಾದ ಊದಿದೆಯೇ ಎಂದು ನೋಡಿ, ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯುತ್ತಾರೆ. ಬೆರಳು ತೆಗೆದ ಮೇಲೂ ಗುಳಿ ಉಳಿದರೆ ಮೈಯಲ್ಲಿ ನೀರು ನಿಂತಿದೆ ಎಂದು ಲೆಕ್ಕ.

ಎರಡು ಸಾವಿರದ ಮೂರನೇ ಇಸವಿ. ಆ ವರ್ಷ ಬೇಸಿಗೆಯಲ್ಲೇ ಅಪ್ಪಯ್ಯ ಒಮ್ಮೆ ಆಸ್ಪತ್ರೆ ಕಂಡು ಬಂದಿದ್ದರು. ಹೃದಯದ ಬಲ ಕಡಿಮೆಯಾಗಿದೆ, ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದಿದ್ದರು ಡಾಕ್ಟರು. ಮಳೆ ಹಿಡಿದು ಮೀನುಗಾರಿಕೆ ನಿಂತು ಬೋಟು ದಡ ಹತ್ತಿದ ಮೇಲೆ ನನ್ನ ತಮ್ಮ ಅಶೋಕ್ ಬಲೆಗಳನ್ನೆಲ್ಲ ಹೊತ್ತು ತಂದು ಚಾವಡಿಯ ಮೂಲೆಯಲ್ಲಿ ರಾಶಿ ಹಾಕಿದ. ಅವತ್ತಿನಿಂದ ಅಪ್ಪಯ್ಯನ ಚಾಪೆ ಆ ರಾಶಿಯ ಬುಡಕ್ಕೆ ಹೋಯಿತು. ಇಲಿ ಬಲೆ ಕಡಿಯುತ್ತದೆ, ಕಾಯಬೇಕು ಅಂದರು. ಮಳೆಗಾಲದಲ್ಲಿ ಇಲಿ ಬಲೆ ಕಡಿಯುವುದು ನಮ್ಮ ಕೇರಿಯಲ್ಲಿ ಯಾರಿಗೂ ಹೊಸತಲ್ಲ. “ನಂಗಿಂತ ಬಲೆಯೇ ಹೆಚ್ಚಾಯ್ತ್ ಇವ್ರಿಗೆ” ಎಂದು ಅಬ್ಬಿ, ನಮ್ಮ ಅಮ್ಮ, ನಕ್ಕರು. ನಾನೂ ನಕ್ಕೆ.

ನಾನು ಮೀನು ಮಾರುವವಳು. ಮಳೆಗಾಲದಲ್ಲಿ ಬುಟ್ಟಿ ಖಾಲಿ. ಹಾಗಾಗಿ ಅಪ್ಪಯ್ಯನನ್ನು ಮತ್ತೆ ತೋರಿಸಲು ಕರೆದುಕೊಂಡು ಹೋದವಳು ನಾನೇ.

“ಸುಬ್ಬಣ್ಣ, ಎಷ್ಟ್ ದಿಂಬ್ ಹಾಯ್ಕಂಡ್ ಮನಿಕಂತ್ರಿ?” ಸಿಸ್ಟರ್ ಕೇಳಿದರು.

“ಒಂದೂ ಇಲ್ಲ” ಎಂದರು ಅಪ್ಪಯ್ಯ, ಎದೆ ಉಬ್ಬಿಸಿ.

ಸಿಸ್ಟರ್ ನನ್ನ ಮುಖ ನೋಡಿದರು. ಹೌದು, ನಮ್ಮ ಅಪ್ಪಯ್ಯ ಹುಟ್ಟಿದಾಗಿನಿಂದ ದಿಂಬು ಮುಟ್ಟಿದವರಲ್ಲ ಎಂದು ನಾನೂ ಸಾಕ್ಷಿ ಹೇಳಿದೆ. ಹೃದಯ ಸೋತವರಿಗೆ ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ದಿಂಬು ಏರಿಸಿದಷ್ಟೂ ಕಾಯಿಲೆ ಏರಿದೆ ಎಂದು ಅರ್ಥ. ದಿಂಬೇ ಇಲ್ಲವೆಂದರೆ ಒಳ್ಳೆಯ ಸುದ್ದಿ. ಸಿಸ್ಟರಿಗೂ ಖುಷಿಯಾಯಿತು.

ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಇಡಲಿ ಎಂದು ಸಿಸ್ಟರ್ ಅಪ್ಪಯ್ಯನ ಅಂಗಿ ಮೇಲಕ್ಕೆತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು.

“ಇದೆಂತ ಬೆನ್ನ್ ಮೇಲೆ?”

ಇಡೀ ಬೆನ್ನಿಗೆ ಬಲೆಯ ಅಚ್ಚು ಬಿದ್ದಿತ್ತು. ಒಂದೊಂದು ಕಣ್ಣು, ಒಂದೊಂದು ಗಂಟು, ಹಿಟ್ಟಿನ ಮೇಲೆ ಒತ್ತಿದ ಹಾಗೆ. ನಾವು ಮನೆ ಬಿಟ್ಟು, ಬಸ್ಸು ಹತ್ತಿ, ಸಾಲಿನಲ್ಲಿ ಕಾದು ಕೂತದ್ದು ಎಷ್ಟೋ ಹೊತ್ತು. ಅಷ್ಟಾದರೂ ಗುರುತು ಅಳಿಸಿರಲಿಲ್ಲ. ಸಿಸ್ಟರ್ ಸೊಂಟದ ಹತ್ತಿರ ಹೆಬ್ಬೆರಳು ಒತ್ತಿದರು. ಗುಳಿ ಬಿತ್ತು. ಬಿದ್ದ ಗುಳಿ ಮೇಲೇಳಲಿಲ್ಲ.

“ಬಲೆಗೆ ಬೆನ್ನ್ ಕೊಟ್ಟ್ ಕೂಕಂಡೇ ನಿದ್ರಿ ಮಾಡ್ತ್ರ್ಯಾ?”

“ಮನಿಕಂಡ್ರೆ ಉಸ್ರ್ ಸಿಕ್ಕುದಿಲ್ಲ ಮಾರ್ರೆ.”

“ಮತ್ತೆ ದಿಂಬಿಲ್ಲ ಅಂದ್ರಿ?”

“ನೀವ್ ದಿಂಬ್ ಕೇಂಡ್ರಿ. ಬಲೆ ಕೇಣಲಿಲ್ಲ.”

ನನಗೆ ಮೈ ಉರಿದುಹೋಯಿತು. ವಿಷಯ ಗೊತ್ತಾದರೆ ಈ ಸಲ ಬೋಟು ಹತ್ತಲು ಬಿಡುವುದಿಲ್ಲ ಎಂದು ಮುದುಕ ಬಾಯಿ ಮುಚ್ಚಿಕೊಂಡಿದ್ದರು. ಇಲಿ ಕಾಯುತ್ತಾರಂತೆ ಇಲಿ! ಬೈಯಲು ಬಾಯಿ ತೆರೆದವಳನ್ನು ಸಿಸ್ಟರ್ ತಡೆದರು. “ಬೈಬೇಡ ವನಜ. ನಾನ್ ಕೇಂಡದ್ದೇ ಸಮ ಆಯ್ಲಿಲ್ಲ.” ಡಾಕ್ಟರೂ ಬೆನ್ನು ನೋಡಿದರು, ಎದೆ ಕೇಳಿದರು, ಕೂಡಲೇ ಸೇರಿಸಿಕೊಂಡರು. ಇನ್ನು ತಡವಾಗಿದ್ದರೆ ಕಷ್ಟವಿತ್ತು ಎಂದರು. ಕಣ್ಣೆದುರಿಗೇ ಇದ್ದ ಅಪ್ಪಯ್ಯ ಕೈಬಿಟ್ಟು ಹೋಗುತ್ತಿದ್ದರು, ನಾವು ನಗುತ್ತಿದ್ದೆವು.

ಆಮೇಲಿನದು ಸಿಸ್ಟರ್ ಅವರ ದರ್ಬಾರು. ಮಂಚದ ತಲೆಭಾಗ ಎತ್ತರಿಸಿದರು, ಮೂಗಿಗೆ ಆಮ್ಲಜನಕ, ನೀರು ಇಳಿಯಲು ಇಂಜೆಕ್ಷನ್. ಕುಡಿದ ನೀರು ಅಳತೆ, ಹೊರಗೆ ಹೋದದ್ದೂ ಅಳತೆ. ಬೆಳಿಗ್ಗೆ ಎದ್ದ ಕೂಡಲೇ ತೂಕ.

“ಮೀನ್ ತೂಗ್ದಾಂಗೆ ನನ್ನ್ ತೂಗ್ತ್ರಲೆ” ಎಂದು ಅಪ್ಪಯ್ಯ ಗೊಣಗಿದರು.

“ಮೀನಿನ ತೂಕ ಹೆಚ್ಚಾರೆ ನಿಮ್ಗೆ ಖುಷಿ. ನಿಮ್ಮ ತೂಕ ಕಮ್ಮಿಯಾರೆ ನಂಗೆ ಖುಷಿ” ಎಂದರು ಸಿಸ್ಟರ್.

ಅಬ್ಬಿ ಗಂಜಿಯ ಜೊತೆ ಒಣ ಸಿಗಡಿ ಚಟ್ನಿ ಕಟ್ಟಿಕೊಂಡು ಬಂದದ್ದೂ ಅವರ ಕಣ್ಣು ತಪ್ಪಲಿಲ್ಲ. ಒಣಮೀನೆಂದರೆ ಉಪ್ಪು, ಉಪ್ಪೆಂದರೆ ಮೈಯಲ್ಲಿ ನೀರು, ಗಂಜಿಯ ತಿಳಿಯೂ ನೀರಿನ ಲೆಕ್ಕಕ್ಕೇ ಸೇರಬೇಕು ಎಂದು ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳಿದರು. ಉಪ್ಪಿಲ್ಲದ ಸಪ್ಪೆ ಗಂಜಿ ಉಣ್ಣುವಾಗ ಅಪ್ಪಯ್ಯನ ಮುಖ ನೋಡಬೇಕಿತ್ತು.

ದಿನ ಕಳೆದ ಹಾಗೆ ಕಾಲಿನ ಊತ ಇಳಿಯಿತು. ಒಂದು ಮಧ್ಯಾಹ್ನ ಸಿಸ್ಟರ್ ಬಂದು ಮಂಚದ ತಲೆಭಾಗ ಸಮ ಮಾಡಿದರು. “ಈಗ ಮನಿಕಣಿ ಕಾಂಬ” ಎಂದರು. ಅಪ್ಪಯ್ಯ ಹೆದರಿ ಹೆದರಿ ಬೆನ್ನು ಊರಿದರು. ನಾನು ಉಸಿರು ಬಿಗಿ ಹಿಡಿದು ಅವರ ಎದೆಯನ್ನೇ ನೋಡುತ್ತಿದ್ದೆ. ಕೆಮ್ಮಲಿಲ್ಲ, ಎದ್ದು ಕೂರಲೂ ಇಲ್ಲ. ಸ್ವಲ್ಪ ಹೊತ್ತಿಗೆ ಬಾಯಿ ತೆರೆದುಕೊಂಡಿತು, ಗೊರಕೆ ಶುರುವಾಯಿತು. ಸಿಸ್ಟರ್ ನನ್ನ ಪಕ್ಕದ ಸ್ಟೂಲಿನ ಮೇಲೆ ದೊಪ್ಪನೆ ಕೂತರು. ಅಲ್ಲಿಯವರೆಗೆ ಅವರು ವಾರ್ಡಿನಲ್ಲಿ ಕೂತದ್ದನ್ನು ನಾನು ಕಂಡೇ ಇರಲಿಲ್ಲ.

ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಮೀನುಗಾರಿಕೆ ಮತ್ತೆ ಶುರುವಾದ ಮೇಲೆ ಅಶೋಕ್ ಬಲೆಗಳನ್ನೆಲ್ಲ ಬೋಟಿಗೆ ಸಾಗಿಸಿದ. ಅಪ್ಪಯ್ಯ ಹೋಗಲಿಲ್ಲ. ದಡದಲ್ಲಿ ಕೂತು ಹರಿದ ಬಲೆ ನೇಯಲು ಮಾತ್ರ ಅಪ್ಪಣೆಯಾಗಿತ್ತು. ಅದಕ್ಕೆ ಎರಡು ದಿನ ಮುಖ ಊದಿಸಿಕೊಂಡಿದ್ದರು. ಊದಿದ್ದು ಮುಖವೊಂದೇ ಅಲ್ಲವೇ ಎಂದು ನಾನು ಸಮಾಧಾನ ಮಾಡಿಕೊಂಡೆ.

ಒಂದು ದಿನ ಊಟ ಮುಗಿಸಿ, ಖಾಲಿಯಾದ ಚಾವಡಿಯಲ್ಲಿ ಬರೀ ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಮೈಮೇಲೆ ಅಂಗಿ ಇರಲಿಲ್ಲ. ನಿದ್ದೆಯಲ್ಲೇ ಗೋಡೆಯ ಕಡೆ ಮಗ್ಗುಲಾದಾಗ ಬೆನ್ನು ಕಂಡಿತು. ಚಾಪೆಯ ಗೆರೆಗಳು ಮೂಡಿದ್ದವು. ಮತ್ತೆ ನೀರು ನಿಂತಿತೇ ಎಂದುಕೊಂಡೆ. ಹತ್ತಿರ ಕೂತು ನೋಡುತ್ತಲೇ ಇದ್ದೆ. ನೋಡನೋಡುತ್ತಾ ಗೆರೆಗಳು ಒಂದೊಂದಾಗಿ ಅಳಿಸಿಹೋದವು. ಅಬ್ಬಿಯನ್ನು ಕರೆದು ತೋರಿಸಲು ಒಳಗೆ ಓಡಿದೆ.