ನಾಲ್ಕನೇ ನಂಬರಿನ ವೈನ್

ಎರಡು ವರ್ಷದ ಹಿಂದೆ, ಕ್ರಿಸ್‌ಮಸ್ಸಿಗೆ ಇನ್ನೂ ಹದಿನೈದು ದಿನ ಇರುವಾಗ ನಡೆದದ್ದು ಇದು. ಅಂದು ಭಾನುವಾರ. ಹಲಸೂರಿನ ಫಿಲೋಮಿನಾ ಆಂಟಿಯ ಮನೆಯಲ್ಲಿ ನಮ್ಮ ವೈನ್ ಪರೀಕ್ಷೆ ಇತ್ತು. ಪರೀಕ್ಷೆ ಎಂದರೆ ದೊಡ್ಡದೇನಲ್ಲ. ಮನೆಯಲ್ಲೇ ವೈನ್ ಮಾಡುವ ನಾವು ಏಳು ಜನ ವರ್ಷಕ್ಕೊಮ್ಮೆ ಸೇರುತ್ತೇವೆ. ಒಬ್ಬೊಬ್ಬರೂ ಕನಿಷ್ಠ ಒಂದು ವರ್ಷ ಹಳೆಯ ವೈನ್ ತರಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಎಲ್ಲರಿಗೂ ಅವರವರದ್ದೇ ಚೆನ್ನ. ಅದಕ್ಕೇ ಆಂಟಿ ಬಾಟಲಿಗಳಿಗೆ ಪೇಪರ್ ಸುತ್ತಿ ನಂಬರ್ ಹಾಕುತ್ತಾರೆ. ಯಾರದ್ದು ಯಾವುದೆಂದು ತಿಳಿಯದೆ ರುಚಿ ನೋಡಿ ಚೀಟಿಯಲ್ಲಿ ಅಂಕ ಬರೆಯಬೇಕು. ಗೆದ್ದವರಿಗೆ ಆಂಟಿಯ ಅಮ್ಮ ವೈನ್ ತಿರುವುತ್ತಿದ್ದ ಮರದ ಸೌಟು. ಮುಂದಿನ ವರ್ಷದವರೆಗೆ ಅದು ಅವರ ಮನೆಯಲ್ಲಿರುತ್ತದೆ.

ದೊಮ್ಮಲೂರಿನ ಹಳೇ ಊರಿನ ಒಕ್ಕಲು ಮನೆತನದ ಹೆಂಗಸು ನಾನು. ನಿನಗೇಕಮ್ಮ ವೈನು ಎಂದು ನೀವು ಕೇಳಬಹುದು. ನಮ್ಮ ಅತ್ತೆಯೂ ಕೇಳಿದ್ದರು. ಹೊಲಿಗೆ ಕ್ಲಾಸಿನಲ್ಲಿ ಆಂಟಿ ನನ್ನ ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದರು. ಅವರಿಂದ ನಾನು ಹೊಲಿಗೆಗಿಂತ ಚೆನ್ನಾಗಿ ಕಲಿತದ್ದು ವೈನು. ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಇಪ್ಪತ್ತೊಂದು ದಿನ ಭರಣಿಯಲ್ಲಿಟ್ಟು ದಿನಾ ತಿರುವುವುದು, ಆಮೇಲೆ ಸೋಸಿ ತಿಳಿಯಾಗಲು ಬಿಡುವುದು. ಅತ್ತೆಗೆ ಅದನ್ನು 'ದ್ರಾಕ್ಷಿ ಅರಿಷ್ಟ' ಎಂದು ಹೇಳಿ ಎರಡು ಚಮಚ ಕೊಟ್ಟೆ. ಬೆಳಗ್ಗೆ ಎದ್ದು, "ನಿದ್ದೆ ಚೆನ್ನಾಗಿ ಬಂತು ಕಣೇ, ಇವತ್ತೂ ಕೊಡು" ಅಂದರು. ಅಲ್ಲಿಗೆ ನನಗೆ ಲೈಸೆನ್ಸ್ ಸಿಕ್ಕಿತು. ಅತ್ತೆ ಈಗಿಲ್ಲ. ನನ್ನ ವೈನ್ ಚಟ ಮಾತ್ರ ನಿಂತಿರಲಿಲ್ಲ.

ಆದರೆ ಒಂದು ಸಲವೂ ಆ ಸೌಟು ನನಗೆ ಸಿಕ್ಕಿರಲಿಲ್ಲ. ಪ್ರತಿ ವರ್ಷ ಮೂರನೆಯದು, ನಾಲ್ಕನೆಯದು. "ಸರೋಜಾ, ನಿನ್ನ ವೈನ್ ಸ್ವಲ್ಪ ಹುಳಿ ಮಾ" ಎಂದು ಆಂಟಿ ಮೆತ್ತಗೆ ಹೇಳುವರು. ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಈ ಪರೀಕ್ಷೆಗೆ ತಂದ ವೈನ್ ಹಾಕಿದ್ದು ಅದಕ್ಕೆ ಹಿಂದಿನ ವರ್ಷ. ಇಪ್ಪತ್ತೊಂದು ದಿನ ಕಳೆದು ಸೋಸುವ ಹೊತ್ತಿಗೆ ನನ್ನ ಎರಡನೇ ಭರಣಿ ತೊಳೆಯುವಾಗ ಜಾರಿ ಬಿರುಕು ಬಿಟ್ಟಿತು. ಅಷ್ಟು ವೈನನ್ನು ಎಲ್ಲಿಡುವುದು? ಅಟ್ಟದ ಮೇಲೆ ನಮ್ಮ ಅಜ್ಜಿಯ ಹಿತ್ತಾಳೆ ಕೊಳದಪ್ಪಲೆ ಇತ್ತು. ದೊಮ್ಮಲೂರಿನಲ್ಲಿ ಇನ್ನೂ ಹೊಲ ಇದ್ದ ಕಾಲದಲ್ಲಿ ಕಳೆ ಕೀಳುವವರಿಗೆಲ್ಲ ಅದರಲ್ಲೇ ಸಾರು ಕುದಿಯುತ್ತಿತ್ತು. ಒಳಗಿನ ಕಲಾಯಿ ಪೂರ್ತಿ ಸವೆದಿತ್ತು. ಆಟೋದಲ್ಲಿ ಹಾಕಿಕೊಂಡು ಶಿವಾಜಿನಗರಕ್ಕೆ ಹೋದೆ. ಪಾತ್ರೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಕಲಾಯಿ ಹಾಕುವ ವಯಸ್ಸಾದ ಭಾಯ್ ಒಬ್ಬರು ಕೂತಿದ್ದರು. ಬಿಳಿ ಗಡ್ಡ, ತಲೆ ಮೇಲೆ ಟೋಪಿ.

"ಏನ್ ಅಮ್ಮಾ ಮಾಡ್ತೀರಿ ಇದ್ರಲ್ಲಿ?" ಎಂದು ಕೇಳಿದರು.

ವೈನ್ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಆಗಷ್ಟೇ ನಮಾಜ್ ಮುಗಿಸಿ ಬಂದಿದ್ದ ಮನುಷ್ಯ. ಅವರ ಮುಂದೆ ಹೆಂಡದ ಮಾತೇ? "ನೀರು ಭಾಯ್. ನೀರು ತುಂಬಿಡೋಕೆ" ಅಂದೆ.

"ಹುಳಿ ಗಿಳಿ ಹಾಕಲ್ಲ ತಾನೆ? ಹುಳಿಗಾದ್ರೆ ಅಸಲಿ ತವರ ಹಾಕ್ಬೇಕು. ಇದು ಮಿಕ್ಸ್."

"ಅಯ್ಯೋ ಇಲ್ಲ ಭಾಯ್, ಬರೀ ನೀರು."

ಅವರು ಕೆಂಡದ ಮೇಲೆ ಪಾತ್ರೆ ತಿರುಗಿಸಿ, ನೋಡನೋಡುತ್ತಲೇ ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯುವಂತೆ ಮಾಡಿಕೊಟ್ಟರು. ದಾರಿಯುದ್ದಕ್ಕೂ ನನಗೆ ನಗು. ಎಷ್ಟು ಜಾಣತನದಿಂದ ತಪ್ಪಿಸಿಕೊಂಡೆ ಎಂದು. ವೈನ್ ಎರಡೂವರೆ ತಿಂಗಳು ಆ ಪಾತ್ರೆಯಲ್ಲಿತ್ತು. ಸಂಕ್ರಾಂತಿ ಕಳೆದ ಮೇಲೆ ಬಾಟಲಿಗೆ ತುಂಬುವಾಗ ಒಂದು ಚಮಚ ಬಾಯಿಗೆ ಹಾಕಿಕೊಂಡೆ. ನನ್ನ ಜನ್ಮದಲ್ಲೇ ಅಷ್ಟು ಸಿಹಿಯಾದ ವೈನ್ ಮಾಡಿರಲಿಲ್ಲ. ಹುಳಿ ಎಂಬುದೇ ಇಲ್ಲ.

ನನಗೆ ವೈನ್ ಒಂದು ಗುಟುಕು ಮೀರಿದರೆ ತಲೆನೋವು. ಕುಡಿಯುವವರು ನಮ್ಮ ಯಜಮಾನರು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು. ಅರವತ್ತೆರಡರಲ್ಲೂ ಬಸ್ಕಿ ಹೊಡೆಯುತ್ತಿದ್ದ ಆಳು. ದಿನಾ ಊಟಕ್ಕೆ ಮುಂಚೆ ಒಂದು ಸಣ್ಣ ಲೋಟ ಕೊಡುತ್ತಿದ್ದೆ.

ಬೇಸಿಗೆ ಕಳೆಯುವ ಹೊತ್ತಿಗೆ ಅವರಿಗೆ ಹೊಟ್ಟೆನೋವು ಶುರುವಾಯಿತು. ಕರುಳನ್ನು ಯಾರೋ ಹಿಂಡಿದ ಹಾಗೆ ಆಗುತ್ತದೆ ಎನ್ನುತ್ತಿದ್ದರು. ಮೂರು ದಿನಕ್ಕೊಮ್ಮೆ ಕಕ್ಕಸಿಗೆ ಹೋದರೆ ಹೆಚ್ಚು. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು. ಇಂದಿರಾನಗರದ ದೊಡ್ಡ ಡಾಕ್ಟರು ಕ್ಯಾಮೆರಾ ಹಾಕಿ ನೋಡಿ ಏನೂ ಇಲ್ಲ ಎಂದರು. ಮುಖ ಬಿಳುಚಿಕೊಂಡಿತು. ಅಕ್ಟೋಬರಿನಲ್ಲಿ ಕಾಫಿ ಲೋಟ ಕೈಯಿಂದ ಜಾರಿ ಬಿತ್ತು. "ಕೈಯಲ್ಲಿ ಬಲಾನೇ ಇಲ್ಲ ಕಣೆ" ಅಂದರು. ನಾನು ಬೈದೆ. ಹೊರಗಡೆ ಬೋಂಡ ತಿನ್ನೋದು ಬಿಟ್ಟರೆ ಎಲ್ಲ ಸರಿಹೋಗುತ್ತೆ ಎಂದೆ. ಆಮೇಲೆ, ಹೊಟ್ಟೆಗೆ ಒಳ್ಳೆಯದು ಎಂದು ಒಂದು ಲೋಟದ ಬದಲು ಎರಡು ಲೋಟ ಮಾಡಿದೆ.

ಆ ಭಾನುವಾರ ಅವರು ನನ್ನ ಜೊತೆ ಬರಬೇಕಿತ್ತು. ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ಅಡುಗೆ ಮಾಡಿಟ್ಟು, ವೈನ್ ಲೋಟದ ಮೇಲೆ ತಟ್ಟೆ ಮುಚ್ಚಿಟ್ಟು, ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ.

ಆಂಟಿಯ ಮನೆಯ ಹಾಲ್‌ನಲ್ಲಿ ಏಳು ಬಾಟಲಿ ಸಾಲಾಗಿ ನಿಂತಿದ್ದವು. ಒಂದನೆಯದು ನೇರಳೆಹಣ್ಣಿನದು, ಪರವಾಗಿಲ್ಲ. ಎರಡನೆಯದನ್ನು ಬಾಯಿಗಿಟ್ಟ ಆಂಟಿ, "ಇದ್ರಲ್ಲಿ ಉಪ್ಪಿನಕಾಯಿ ಹಾಕ್ಬಹುದು" ಎಂದು ಎಲ್ಲರನ್ನೂ ನಗಿಸಿದರು. ಮಧ್ಯೆ ಮಧ್ಯೆ ಬಾಯಿ ಶುದ್ಧ ಮಾಡಿಕೊಳ್ಳಲು ಬ್ರೆಡ್ಡಿನ ಚೂರು. ಆಮೇಲೆ ನಾಲ್ಕನೆಯದು ಬಂತು. "ಅಬ್ಬಾ, ಜೇನು!" ಅಂದರು ಒಬ್ಬರು. "ಗಂಟಲಲ್ಲಿ ಹೋಗಿದ್ದೇ ಗೊತ್ತಾಗ್ಲಿಲ್ಲ" ಅಂದರು ಇನ್ನೊಬ್ಬರು. ಬಣ್ಣ ನೋಡಿದ ಕೂಡಲೇ ಅದು ನನ್ನದೆಂದು ನನಗೆ ಗೊತ್ತು. ಮುಖ ನೆಟ್ಟಗೆ ಇಟ್ಟುಕೊಳ್ಳುವುದೇ ಕಷ್ಟವಾಯಿತು.

ಚೀಟಿಗಳ ಅಂಕ ಕೂಡಿ ನೋಡಿದಾಗ ನಾಲ್ಕೇ ಮೊದಲು. ಆಂಟಿ ಎದ್ದು ಬಂದು ನನ್ನ ಕೈಗೆ ಸೌಟು ಕೊಟ್ಟು ಕೆನ್ನೆಗೆ ಮುತ್ತು ಕೊಟ್ಟರು. ಎಲ್ಲರೂ ಚಪ್ಪಾಳೆ ಹೊಡೆದರು. ಒಬ್ಬರು ಮಾತ್ರ ಹೊಡೆಯಲಿಲ್ಲ, ವಿಮಾನಪುರದ ವಿಕ್ಟರ್ ಸರ್. ವಿಮಾನ ಕಾರ್ಖಾನೆಯಲ್ಲಿ ಲೋಹ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ನಾಲ್ಕನೇ ವೈನನ್ನು ಅವರು ಬಾಯಲ್ಲಿ ಇಟ್ಟುಕೊಂಡು, ಎದ್ದು ಹೋಗಿ ಸಿಂಕಿನಲ್ಲಿ ಉಗಿದು ಬಂದದ್ದನ್ನು ನಾನು ನೋಡಿದ್ದೆ. ಹೊಟ್ಟೆಕಿಚ್ಚು ಎಂದುಕೊಂಡಿದ್ದೆ. ಹಿಂದಿನ ಎರಡು ವರ್ಷ ಸೌಟು ಅವರ ಮನೆಯಲ್ಲೇ ಇತ್ತು.

"ಸರೋಜಾ ಮೇಡಂ, ಸಕ್ಕರೆ ಎಷ್ಟು ಹಾಕಿದ್ರಿ?"

"ಕಮ್ಮೀನೇ ಸರ್. ದ್ರಾಕ್ಷಿಗೆ ಅರ್ಧ" ಎಂದು ಜಂಬದಿಂದ ಹೇಳಿದೆ.

"ಅರ್ಧ ಸಕ್ಕರೆಗೆ ಈ ಸಿಹಿ ಬರಲ್ವಲ್ಲ. ಕೊನೇಲಿ ಒಂಥರಾ ಲೋಹದ ಒಗರು ಬೇರೆ ಇದೆ. ಯಾವುದ್ರಲ್ಲಿ ಇಟ್ಟಿದ್ರಿ?"

ಎಲ್ಲರೂ ನನ್ನ ಕಡೆ ನೋಡಿದರು. ಲೋಹದ ಪಾತ್ರೆ ಮುಟ್ಟಿಸಲೇಬಾರದು ಎಂಬುದು ಆಂಟಿ ಮೊದಲ ದಿನವೇ ಹೇಳಿಕೊಟ್ಟ ಪಾಠ. ಸೌಟು ಕೈಗೆ ಬಂದು ಎರಡು ನಿಮಿಷವೂ ಆಗಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು.

"ಭರಣೀಲೇ ಸರ್" ಅಂದೆ.

"ಹಾಗಾದ್ರೆ ಬಿಡಿ, ನಂದೇ ತಪ್ಪು. ಸಾರಿ ಮೇಡಂ." ಅವರ ಮುಖ ತಿಳಿಯಾಯಿತು. ಕೇಕಿನ ತಟ್ಟೆ ಕೈಗೆತ್ತಿಕೊಂಡು ಬೇರೆಯವರಿಗೆ ಹೇಳತೊಡಗಿದರು. "ಕಲಾಯಿ ಪಾತ್ರೇಲಿ ಇಟ್ಟಿರ್ಬೇಕು ಅಂತ ಹೆದರಿಬಿಟ್ಟಿದ್ದೆ. ಈಗ ಎಷ್ಟೋ ಕಡೆ ತವರಕ್ಕೆ ಸೀಸ ಬೆರೆಸ್ತಾರೆ. ವೈನಿನ ಹುಳಿ ಸೀಸಾನ ಕರಗಿಸುತ್ತೆ. ಹುಳೀನೂ ಹೋಗುತ್ತೆ, ಸಿಹೀನೂ ಆಗುತ್ತೆ. ಕಹಿ ಇದ್ದಿದ್ರೆ ಯಾರೂ ಕುಡೀತಿರ್ಲಿಲ್ಲ. ಅದು ಸಿಹಿ ಇರೋದೇ ಕಷ್ಟ."

"ಕುಡಿದ್ರೆ ಏನಾಗುತ್ತೆ?" ಎಂದು ಯಾರೋ ಕೇಳಿದರು.

"ಒಂದು ಗುಟುಕಿಗೆ ಏನಾಗಲ್ಲ. ದಿನಾ ಕುಡಿದ್ರೆ ವಿಷ. ಮೊದಲು ಹೊಟ್ಟೆ ಹಿಂಡುತ್ತೆ. ಮಲಬದ್ಧತೆ. ರಕ್ತ ಕಮ್ಮಿಯಾಗಿ ಬಿಳುಚಿಕೊಳ್ತಾರೆ. ಆಮೇಲೆ ಕೈ ಸೋಲುತ್ತೆ, ಹಿಡಿದಿದ್ದು ಬಿದ್ದುಹೋಗುತ್ತೆ. ನಮ್ಮ ಫ್ಯಾಕ್ಟರಿ ಕಡೆ ಬ್ಯಾಟರಿ ಕೆಲಸ ಮಾಡ್ತಿದ್ದವನೊಬ್ಬನಿಗೆ ಒಸಡಿನ ಮೇಲೆ ನೀಲಿ ಗೆರೆ ಬಂದಿತ್ತು."

ಅವರು ಒಂದೊಂದು ಹೇಳಿದಾಗಲೂ ನನ್ನ ಕಣ್ಣ ಮುಂದೆ ನಮ್ಮ ಯಜಮಾನರೇ. ಹೊಟ್ಟೆ. ಬಿಳುಚಿದ ಮುಖ. ಕಾಫಿ ಲೋಟ. ಆ ಬೆಳಗ್ಗೆಯಷ್ಟೇ ಹಲ್ಲುಜ್ಜುತ್ತಾ ಅವರು, "ಒಸಡು ಯಾಕೋ ಕಪ್ಪಾಗಿದೆ ನೋಡೆ" ಅಂದಿದ್ದರು. ನನಗೆ ಹೊರಡುವ ಆತುರ, ನೋಡಿರಲಿಲ್ಲ. ಸೌಟು ಕೆಳಗೆ ಬಿತ್ತು.

"ನಾನು ಸುಳ್ಳು ಹೇಳ್ದೆ" ಎಂದೆ. "ಭರಣಿ ಅಲ್ಲ. ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆ. ನಮ್ಮನೆಯವರು ಹತ್ತು ತಿಂಗಳಿಂದ ದಿನಾ ಕುಡೀತಿದ್ದಾರೆ."

"ಯೇಸಪ್ಪಾ!" ಎಂದು ಆಂಟಿ ಎದೆಯ ಮೇಲೆ ಕೈಯಿಟ್ಟುಕೊಂಡರು. ವಿಕ್ಟರ್ ಸರ್ ಬೈಯಲಿಲ್ಲ. "ಮೊದಲು ಫೋನ್ ಮಾಡಿ" ಎಂದಷ್ಟೇ ಹೇಳಿದರು.

ಎರಡು ಸಲ ತಪ್ಪು ನಂಬರ್ ಒತ್ತಿದೆ. "ರೀ, ಆ ಲೋಟದ್ದು ಮುಟ್ಟಬೇಡಿ!"

"ಈಗ ತಾನೆ ಕುಡಿದು ಲೋಟ ತೊಳೆದಿಟ್ಟೆ" ಅಂದರು ಅವರು. "ಗೆದ್ಯಾ?"

ಅಳುವುದಕ್ಕೆ ಶುರುಮಾಡಿದೆ.

ವಿಕ್ಟರ್ ಸರ್ ತಮ್ಮ ಕಾರಿನಲ್ಲೇ ದೊಮ್ಮಲೂರಿಗೆ ಬಂದು, ನಮ್ಮಿಬ್ಬರನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕ್ಯಾಷುಯಾಲ್ಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಮ್ಮ ಯಜಮಾನರ ತುಟಿ ಕೆಳಗೆ ಎಳೆದು ಟಾರ್ಚ್ ಬಿಟ್ಟು ನೋಡಿದರು. ಒಸಡಿನ ಅಂಚಿನಲ್ಲಿ ಪೆನ್ಸಿಲಿನಿಂದ ಎಳೆದ ಹಾಗೆ ನೀಲಿ ಗೆರೆ. ರಕ್ತದ ರಿಪೋರ್ಟ್ ಬಂದಾಗ ಸೀಸ ಇರಬಾರದಷ್ಟು ಇತ್ತು. "ಇನ್ನೂ ಆರು ತಿಂಗಳು ಹೀಗೇ ಕುಡಿದಿದ್ರೆ ನಾನೇನೂ ಹೇಳೋಕಾಗ್ತಿರ್ಲಿಲ್ಲಮ್ಮ" ಎಂದರು ಡಾಕ್ಟರು. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದ ಗಂಡನಿಗೆ ಕೈಯಾರೆ ವಿಷ ಅಳೆದು ಕೊಟ್ಟಿದ್ದೆ, ಅದೂ ಊಟಕ್ಕೆ ಮುಂಚೆ, ಹೊತ್ತಿಗೆ ಸರಿಯಾಗಿ.

ಮನೆಗೆ ಬಂದ ಕೂಡಲೇ ಉಳಿದ ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದೆ. ನಾದಿನಿಗೊಂದು ಬಾಟಲಿ ಕೊಟ್ಟಿದ್ದೆ. ಫೋನ್ ಮಾಡಿದರೆ, "ಹೆಂಡ ಅಂತ ಅವತ್ತೇ ಗಿಡಕ್ಕೆ ಹಾಕ್ದೆ ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ" ಅಂದಳು. ಅವಳ ಆ ಮಡಿಗೆ ಅಂದು ಫೋನಿನಲ್ಲೇ ಕೈಮುಗಿದೆ.

ನಾಲ್ಕು ದಿನ ಬಿಟ್ಟು ಶಿವಾಜಿನಗರಕ್ಕೆ ಹೋದೆ. ಕಲಾಯಿ ಭಾಯಿಗೆ ಎಲ್ಲವನ್ನೂ ಹೇಳಿದೆ. ಜಗಳಕ್ಕೆ ಹೋದವಳಲ್ಲ, ಆದರೆ ಒಳಗೊಳಗೇ ಅವರ ಮೇಲೆ ಸ್ವಲ್ಪ ಹೊರಿಸಬೇಕೆಂಬ ಆಸೆ ಇತ್ತೋ ಏನೋ. ಅವರು ಇಕ್ಕಳ ಕೆಳಗಿಟ್ಟರು. "ಯಾ ಅಲ್ಲಾ. ಯಜಮಾನ್ರು ಹೆಂಗಿದ್ದಾರೆ?" ಎಂದು ಮೊದಲು ಕೇಳಿದರು. ಆಮೇಲೆ, "ಅಮ್ಮಾ, ನೀವು ನೀರು ಅಂದ್ರಿ. ವೈನ್ ಅಂದಿದ್ರೆ ನಾನೇನ್ ಅಂತಿದ್ದೆ? ಬೇರೆ ತವರ ಹಾಕ್ತಿದ್ದೆ, ಅಷ್ಟೇ" ಎಂದರು. ಇನ್ನು ಮೇಲೆ ನೀರಿನ ಪಾತ್ರೆಗೂ ಆ ಮಿಕ್ಸ್ ಹಾಕುವುದಿಲ್ಲ ಎಂದು ಕಿವಿ ಹಿಡಿದುಕೊಂಡರು.

ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಿತು. ಹೊಟ್ಟೆನೋವು ಬೇಗ ನಿಂತಿತು. ಕೈಗೆ ಬಲ ಬರಲು ಯುಗಾದಿ ದಾಟಿತು. ಬಲಗೈ ಈಗಲೂ ಮೊದಲಿನಷ್ಟು ಬಿಗಿಯಿಲ್ಲ. ಅವರು ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ನನಗೆ ಸುಲಭವಾಗುತ್ತಿತ್ತು.

ಒಂದು ಸಂಜೆ ಅವರು ರಬ್ಬರ್ ಚೆಂಡು ಹಿಸುಕುತ್ತಾ ವ್ಯಾಯಾಮ ಮಾಡುತ್ತಿದ್ದರು. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. "ಅಷ್ಟು ತಿಂಗಳು ಕುಡಿದ್ರಲ್ಲ, ರುಚಿ ಬೇರೆ ಥರ ಇದೆ ಅಂತ ನಿಮಗೆ ಅನ್ನಿಸ್ಲೇ ಇಲ್ವಾ?"

ಅವರು ಚೆಂಡು ಹಿಸುಕುವುದನ್ನು ನಿಲ್ಲಿಸಲಿಲ್ಲ. "ನಂಗೇನ್ ಗೊತ್ತೇ ಅದರ ರುಚಿ. ನಂಗೆ ವೈನು ಮೊದಲಿಂದ್ಲೂ ಸೇರಲ್ಲ."

"ಮತ್ತೆ ಯಾಕೆ ಕುಡಿದ್ರಿ?"

"ನೀನು ಲೋಟ ಕೊಟ್ಟು ಎದುರಿಗೇ ನಿಂತ್ಕೊಂಡು ಹೇಗಿದೆ, ಹೇಗಿದೆ ಅಂತ ಕೇಳ್ತಿದ್ದೆ. ಕುಡೀದೆ ಏನ್ ಮಾಡ್ಲಿ?"

ಆಸ್ಪತ್ರೆಯಲ್ಲಿ ರಿಪೋರ್ಟ್ ಕೈಗೆ ಬಂದಾಗಲೂ ನಾನು ಅಷ್ಟು ಬೆಚ್ಚಿರಲಿಲ್ಲ. ಅಷ್ಟು ವರ್ಷದಲ್ಲಿ 'ನಿಮಗೆ ಬೇಕಾ' ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳಿದ್ದೆಲ್ಲ 'ಹೇಗಿದೆ' ಎಂದೇ. ಈಗ ನಾನು ಯಾರಿಗೇ ಆಗಲಿ ಬಡಿಸಿದ ಮೇಲೆ ಎದುರಿಗೆ ನಿಲ್ಲುವುದಿಲ್ಲ. ತಟ್ಟೆ ಇಟ್ಟು ಒಳಗೆ ಹೋಗಿಬಿಡುತ್ತೇನೆ. ಬೇಡವಾದರೆ ಅವರು ಬಿಡಲಿ.